ಎಪ್ಪತ್ತೊಂದು ಕಿಲೋ

ರಾತ್ರಿ 11:38. ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ. ಬಾಲ್ಕನಿಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ, ಒಂದು ಕಾಲಕ್ಕೆ ಒಗೆದ ಬಟ್ಟೆ ರಾಶಿ ಹಾಕುತ್ತಿದ್ದ ಜಾಗದಲ್ಲಿ, ಹಿಂದಿನ ಚಕ್ರ ಬಿಚ್ಚಿಟ್ಟ ಸೈಕಲ್ಲಿನ ಮೇಲೆ ಕೂತಿದ್ದೇನೆ. ಎದುರಿಗೆ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್, ಎಡಕ್ಕೆ ಪೆಡೆಸ್ಟಲ್ ಫ್ಯಾನು, ಹ್ಯಾಂಡಲ್ಲಿನ ಮೇಲೆ ಹಳೇ ಟವೆಲು. ಪರದೆಯಲ್ಲಿ ಆನ್‌ಲೈನ್ ಸೈಕಲ್ ರೇಸು ಶುರುವಾಗುವುದರಲ್ಲಿದೆ, ನನ್ನ ಗೊಂಬೆ ಇನ್ನೂ ಅರವತ್ತು ಗೊಂಬೆಗಳ ನಡುವೆ ಗೆರೆಯ ಹಿಂದೆ ನಿಂತಿದೆ. ಪ್ರತಿ ಹೆಸರಿನ ಪಕ್ಕ ಪುಟ್ಟ ಬಾವುಟ. ಇಟಲಿ, ಬ್ರಿಟನ್, ಡೆನ್ಮಾರ್ಕ್, ಜಪಾನ್. ಲಂಡನ್ನಿನಲ್ಲಿ ಈಗ ಸಂಜೆ ಆರು ದಾಟಿ ಎಂಟು ನಿಮಿಷ. ಅವರಲ್ಲಿ ಹೆಚ್ಚಿನವರು ಆಫೀಸು ಮುಗಿಸಿ ಬಂದವರು, ನಾನು ಊಟ ಅರಗಿಸಿಕೊಂಡು ನಿದ್ದೆ ಕೊಂದವನು.

ರಸ್ತೆಯ ರೇಸಿನಲ್ಲಿ ಮೊದಲ ಹತ್ತು ನಿಮಿಷ ಜನ ಮಾತಾಡಿಕೊಂಡು, ಕೆಮ್ಮಿಕೊಂಡು, ಒಬ್ಬರ ಸೈಕಲ್ ಒಬ್ಬರು ನೋಡಿಕೊಂಡು ಹೋಗುತ್ತಾರಂತೆ. ಇಲ್ಲಿ ಆ ಸೌಜನ್ಯವಿಲ್ಲ. ಸೊನ್ನೆ ಬರುವ ಮೊದಲೇ ಎಲ್ಲರೂ ಕಾಲು ತಿರುಗಿಸುತ್ತಿರುತ್ತಾರೆ. ಸೊನ್ನೆ ಬಿತ್ತೆಂದರೆ ಪಟಾಕಿ ಅಂಗಡಿಗೆ ಬೆಂಕಿ ಬಿದ್ದ ಹಾಗೆ. ನಲವತ್ತೈದು ನಿಮಿಷ 185 ವಾಟ್ ತಳ್ಳಬಲ್ಲ ನಾನು ಮೊದಲ ನಿಮಿಷ 380 ತಳ್ಳಬೇಕು. ತಳ್ಳದಿದ್ದರೆ ಗುಂಪಿನ ಬಾಲ ಕೈತಪ್ಪುತ್ತದೆ, ಬಾಲ ತಪ್ಪಿದರೆ ಉಳಿದ ಹದಿನೆಂಟು ಕಿಲೋಮೀಟರು ಒಬ್ಬನೇ. ಗಾಳಿಯೇ ಇಲ್ಲದ ಕೋಣೆಯಲ್ಲಿ ಗಾಳಿಯ ಮರೆಗಾಗಿ ಒದ್ದಾಡುವುದು ವಿಚಿತ್ರ, ಆದರೆ ನಿಜ. ಮುಂದಿನ ಗೊಂಬೆಯ ಬೆನ್ನಿಗೆ ನನ್ನ ಗೊಂಬೆ ಅಂಟಿಕೊಂಡಿದ್ದರೆ ಅದೇ ವೇಗಕ್ಕೆ ಕಾಲುಭಾಗದಷ್ಟು ಕಡಿಮೆ ಶಕ್ತಿ ಸಾಕು. ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಗಾಳಿ ಅದು. ನನ್ನ ತೊಡೆಗೆ ಮಾತ್ರ ಅದು ಲೆಕ್ಕವೆಂದು ಗೊತ್ತಿಲ್ಲ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಸೈಕಲ್ಲಿನ ಹಿಂದಿನ ಚಕ್ರ ತೆಗೆದು ಚೈನನ್ನು ಟ್ರೈನರ್ ಎಂಬ ಯಂತ್ರಕ್ಕೆ ಸಿಕ್ಕಿಸುತ್ತೇವೆ. ನಾವು ಎಷ್ಟು ವಾಟ್ ತಳ್ಳುತ್ತಿದ್ದೇವೆಂದು ಅದು ಅಳೆಯುತ್ತದೆ. ಪರದೆಯಲ್ಲಿ ಏರು ಬಂದರೆ ಪೆಡಲು ಬಿಗಿ ಮಾಡುತ್ತದೆ, ಇಳಿಜಾರು ಬಂದರೆ ಸಡಿಲ ಬಿಡುತ್ತದೆ. ನಾನು ಓಡಿಸುವುದು ಝ್ವಿಫ್ಟ್ ಎಂಬ ಆಟದಲ್ಲಿ. ಅದರ ಮುಖ್ಯ ಊರು ವಟೋಪಿಯಾ ಎಂಬ ಕಾಲ್ಪನಿಕ ದ್ವೀಪ. ಜ್ವಾಲಾಮುಖಿ ಇದೆ, ಸಮುದ್ರದಡಿ ಗಾಜಿನ ಸುರಂಗವಿದೆ, ತಲೆಯ ಮೇಲೆ ಮೀನು ಹೋಗುತ್ತಿರುತ್ತವೆ. ಫ್ರಾನ್ಸಿನ ಆಲ್ಪ್ ದ್ಯುಯೆಜ್ ಬೆಟ್ಟವನ್ನು ತಿರುವಿಗೆ ತಿರುವು ನಕಲು ಮಾಡಿದ ಏರೂ ಇದೆ. 21 ತಿರುವು, 12 ಕಿಲೋಮೀಟರು ಚಿಲ್ಲರೆ, ಸಾವಿರದ ಮೂವತ್ತಾರು ಮೀಟರು ಎತ್ತರ. ನಂದಿಬೆಟ್ಟವನ್ನು ಲೆಕ್ಕಕ್ಕಿಲ್ಲದಷ್ಟು ಸಲ ಹತ್ತಿದ್ದೇನೆ. ಅದರ ತುದಿಯಲ್ಲಿ ಮಂಡಕ್ಕಿ, ಮಂಜು, ಮಂಗ ಎಲ್ಲವೂ ಸಿಗುತ್ತವೆ. ಇದರ ತುದಿಯಲ್ಲಿ ಒಂದು ಬಣ್ಣದ ಚಕ್ರ ತಿರುಗಿ ಬಹುಮಾನ ಕೊಡುತ್ತದೆ. ನನಗೆ ಸಾಮಾನ್ಯವಾಗಿ ಒಂದು ಜೊತೆ ಕೈಗವಸು. ಅದನ್ನೂ ಗೊಂಬೆಯೇ ಹಾಕಿಕೊಳ್ಳುತ್ತದೆ.

ನಂದಿಯ ರಸ್ತೆ ಬಿಟ್ಟದ್ದು 2019ರಲ್ಲಿ. ಬೆಳಗಿನ ಕತ್ತಲಲ್ಲಿ ನಾಯಿ ಅಡ್ಡ ಬಂತು, ಕೊರಳೆಲುಬು ಮುರಿಯಿತು. ಮನೆಯಲ್ಲಿ ರಸ್ತೆಯ ಮಾತು ಅಲ್ಲಿಗೆ ಮುಗಿಯಿತು. ಮರುವರ್ಷ ಲಾಕ್‌ಡೌನು. ಒಳ್ಳೆಯ ಸೆಕೆಂಡ್ ಹ್ಯಾಂಡ್ ಸ್ಕೂಟರಿನಷ್ಟು ದುಡ್ಡು ಕೊಟ್ಟು, ಎಲ್ಲಿಗೂ ಹೋಗದ ಈ ಯಂತ್ರ ತಂದೆ.

ಎಲ್ಲಿಗೂ ಹೋಗದಿರುವುದು ನಮ್ಮವ್ವನಿಗೆ ಬಹಳ ದಿನ ಅರ್ಥವಾಗಲಿಲ್ಲ. ಊರಿಂದ ಬಂದವಳು ಒಂದು ಸಂಜೆ ಬಾಗಿಲಲ್ಲಿ ನಿಂತು ನೋಡಿದಳು. ಚಹಾ ಕುಡಿದು ಮತ್ತೆ ಬಂದು ನೋಡಿದಳು.

"ಎಲ್ಲಿಗಿ ಬಂದ್ಯೋ ಈಗ?"

"ಎಲ್ಲಿಗೂ ಇಲ್ಲಬೇ ಯವ್ವಾ. ಇದ್ದಲ್ಲೇ."

"ಮತ್ತ ಅಲ್ಲಿ ಸಮುದ್ರ ಕಾಣ್ತೈತಲ್ಲ?"

"ಅದು ಸುಳ್ಳ ಸಮುದ್ರ."

ಅವಳು ನೆಲ ನೋಡಿದಳು. ರಬ್ಬರ್ ಮ್ಯಾಟಿನ ಮೇಲೆ ನನ್ನ ಬೆವರು ಮಡುಗಟ್ಟಿತ್ತು. "ನೀರಂತೂ ಖರೇನ ಅದಾವ ಬಿಡು" ಅಂದಳು. ಹೋಗುತ್ತಾ, "ನಮ್ಮೂರಿಗಿ ಸೈಕಲ್ ಆಟದವ ಬರ್ತಿದ್ದ ನೋಡು, ಅಂವಗ ಮಂದಿ ರೊಕ್ಕಾ ಕೊಡ್ತಿದ್ರು. ನೀ ರೊಕ್ಕಾ ಕೊಟ್ಟು ತುಳ್ಯಾಕ ಹತ್ತೀ."

ಬೆವರಿನ ವಿಷಯದಲ್ಲಿ ಅವಳು ಹೇಳಿದ್ದು ಅಕ್ಷರಶಃ ಸರಿ. ದೇಹ ಸುಡುವ ಶಕ್ತಿಯಲ್ಲಿ ಪೆಡಲಿಗೆ ಹೋಗುವುದು ಐದರಲ್ಲೊಂದು, ಹೆಚ್ಚೆಂದರೆ ನಾಲ್ಕರಲ್ಲೊಂದು ಪಾಲು. ಉಳಿದದ್ದೆಲ್ಲ ಬರೀ ಶಾಖ. ನಾನು 185 ವಾಟ್ ತಳ್ಳುವಾಗ ಮೈಯಿಂದ ಆರುನೂರು ವಾಟ್ ಮೇಲ್ಪಟ್ಟು ಬಿಸಿ ಏಳುತ್ತಿರುತ್ತದೆ, ಹೆಚ್ಚುಕಡಿಮೆ ಒಂದು ಇಸ್ತ್ರಿಪೆಟ್ಟಿಗೆಯಷ್ಟು. ರಸ್ತೆಯಲ್ಲಿ ಎದುರುಗಾಳಿ ಅದನ್ನು ಕದ್ದೊಯ್ಯುತ್ತದೆ, ಗೊತ್ತೇ ಆಗುವುದಿಲ್ಲ. ಕೋಣೆಯಲ್ಲಿ ಫ್ಯಾನು ಎಷ್ಟೆಂದು ಒಯ್ದೀತು? ಬೆವರು ಮೂಗಿನ ತುದಿಯಿಂದ ನೇರ ಹ್ಯಾಂಡಲ್ಲಿನ ಬುಡಕ್ಕೆ ತೊಟ್ಟಿಕ್ಕುತ್ತದೆ. ಒಂದು ವರ್ಷದ ಮೇಲೆ ಸರ್ವಿಸಿಗೆ ಕೊಟ್ಟಾಗ ಅಂಗಡಿಯ ಹುಡುಗ ಅಲ್ಲಿನ ಬೋಲ್ಟು ತೆಗೆಯಲು ಎಣ್ಣೆ ಬಿಟ್ಟು, ಸುತ್ತಿಗೆ ಹಿಡಿದು, ಕೊನೆಗೆ ಡ್ರಿಲ್ ತರಬೇಕಾಯಿತು. ಉಪ್ಪು ತಿಂದುಹಾಕಿತ್ತು. "ಸರ್, ಇದನ್ನ ಸಮುದ್ರದ ಪಕ್ಕ ಓಡಿಸ್ತೀರಾ?" ಅಂದ. ಹೌದು ಅನ್ನಲೋ ಅಲ್ಲ ಅನ್ನಲೋ ಎಂದು ಒಂದು ಕ್ಷಣ ತಡವರಿಸಿದೆ.

ಅವ್ವ ನೆನಪಿಸಿದ ಸೈಕಲ್ ಆಟದವನ ಕತೆ ಹೇಳಬೇಕು. ವಿಜಯಪುರ ಆಗಿನ್ನೂ ಬಿಜಾಪುರ. ನಮ್ಮ ಕಡೆ ಸೈಕಲ್ ಎಂದರೆ ಬರೀ ಹಾಲಿನ ಕ್ಯಾನು ಹೊರುವ ಗಾಡಿಯಲ್ಲ, ಶರ್ಯತ್ತಿನ ಕುದುರೆ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟಕ್ಕೆ ಹೋಗಿ ಪದಕ ತರುವುದು ನಮಗೆ ಸುದ್ದಿಯೇ ಅಲ್ಲ. ನಮ್ಮ ಕಾಕಾನ ಮಗ ನಸುಕಿನಲ್ಲಿ ಸೊಲ್ಲಾಪುರ ರಸ್ತೆಯಲ್ಲಿ ಲಾರಿಯ ಬೆನ್ನು ಹಿಡಿದು ತುಳಿಯುತ್ತಿದ್ದ. ನಾನು ಒಂದೇ ಒಂದು ಜಾತ್ರೆಯ ಶರ್ಯತ್ತಿಗೆ ಹೆಸರು ಕೊಟ್ಟಿದ್ದೆ. ಅರ್ಧ ದಾರಿಯಲ್ಲಿ ಚೈನು ಬಿತ್ತು ಎಂದು ಎಲ್ಲರಿಗೂ ಹೇಳಿದ್ದೇನೆ. ಚೈನು ಬಿದ್ದದ್ದು ಹೌದು, ಆದರೆ ಆ ಹೊತ್ತಿಗೆ ನನ್ನ ಹಿಂದೆ ಯಾರೂ ಉಳಿದಿರಲಿಲ್ಲ.

ಆಟದವನು ಬೇರೆಯೇ ಜಾತಿ. ಶಾಲೆಯ ಮೈದಾನದ ನಡುವೆ ಕಂಬ, ಕಂಬಕ್ಕೆ ಲೌಡ್‌ಸ್ಪೀಕರು, ಸುತ್ತ ಹಗ್ಗ. ಏಳು ದಿನ, ಏಳು ರಾತ್ರಿ ನೆಲಕ್ಕೆ ಕಾಲಿಡದೆ ಸೈಕಲ್ ತುಳಿಯುತ್ತೇನೆಂದು ಸಾರುತ್ತಿದ್ದ. ಸೈಕಲ್ ಮೇಲೆಯೇ ಸ್ನಾನ, ಊಟ, ಗಡ್ಡ ಬೋಳಿಸುವುದು. ಸಂಜೆ ಮಂದಿ ಸೇರಿದಾಗ ಎದೆಯ ಮೇಲೆ ಟ್ಯೂಬ್‌ಲೈಟು ಒಡೆಯುವುದು, ಹಲ್ಲಿನಿಂದ ಕೊಡ ಎತ್ತುವುದು. ಮೆಚ್ಚಿದವರು ಐದರ, ಹತ್ತರ ನೋಟನ್ನು ಅವನ ಅಂಗಿಗೆ ಪಿನ್ನು ಚುಚ್ಚುತ್ತಿದ್ದರು. ನಮ್ಮ ವಯಸ್ಸಿನ ಹುಡುಗರಿಗೆ ಇದ್ದದ್ದು ಒಂದೇ ಪ್ರಶ್ನೆ: ರಾತ್ರಿ ಎಲ್ಲರೂ ಮಲಗಿದ ಮೇಲೆ ಅಂವ ಇಳಿಯುತ್ತಾನೋ ಇಲ್ಲವೋ? ಐದನೆಯ ರಾತ್ರಿ ಪತ್ತೆ ಮಾಡುವ ಜವಾಬ್ದಾರಿ ನನ್ನ ಮೇಲೆ ಬಿತ್ತು, ಯಾಕೆಂದರೆ ನಮ್ಮ ಮನೆ ಮೈದಾನಕ್ಕೆ ಹತ್ತಿರ. ಎರಡು ಗಂಟೆಯೋ ಮೂರೋ. ಕಾಂಪೌಂಡಿನ ಮೇಲಿಂದ ಇಣುಕಿದೆ. ಲೌಡ್‌ಸ್ಪೀಕರು ಬಂದಾಗಿತ್ತು, ಒಂದೇ ಬಲ್ಬು ಉರಿಯುತ್ತಿತ್ತು. ಅವನು ಸೀಟಿನ ಮೇಲೆಯೇ ಇದ್ದ. ಒಂದು ಕೈ ಕಂಬಕ್ಕೆ ಸುತ್ತಿ, ಗದ್ದ ಎದೆಗೆ ಬಿದ್ದು, ಎರಡೂ ಕಾಲು ಪೆಡಲಿನ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದ. ಇಳಿದಿರಲಿಲ್ಲ, ತುಳಿಯುತ್ತಲೂ ಇರಲಿಲ್ಲ. ಬೆಳಿಗ್ಗೆ ಗೆಳೆಯರು ಕೇಳಿದಾಗ "ಇಳದಿಲ್ಲಪಾ" ಅಂದೆ. ಸುಳ್ಳೇನಲ್ಲವಲ್ಲ.

ಈಗ ನನ್ನ ವಿಷಯ.

ಝ್ವಿಫ್ಟ್‌ನಲ್ಲಿ ಖಾತೆ ತೆರೆಯುವಾಗ ಎತ್ತರ, ತೂಕ ಕೇಳುತ್ತದೆ. ನೀವು ಹೊಡೆದದ್ದೇ ವೇದವಾಕ್ಯ. ವಾಟ್ ಅಳೆಯಲು ಸಾವಿರಾರು ರೂಪಾಯಿಯ ಯಂತ್ರ, ಎದೆಬಡಿತ ಅಳೆಯಲು ಎದೆಗೆ ಪಟ್ಟಿ, ನಿಮಿಷಕ್ಕೆ ಎಷ್ಟು ಸುತ್ತು ತುಳಿದಿರೆಂದು ಎಣಿಸಲೂ ಸೆನ್ಸರು. ಎಲ್ಲಕ್ಕಿಂತ ಮುಖ್ಯವಾದ ತೂಕಕ್ಕೆ ಮಾತ್ರ ಬಾಯಿಮಾತು ಸಾಕು. ಮುಖ್ಯ ಯಾಕೆಂದರೆ ಏರಿನಲ್ಲಿ ನಿಮ್ಮ ವೇಗ ನಿರ್ಧಾರವಾಗುವುದು ವಾಟ್ ಒಂದರಿಂದಲೇ ಅಲ್ಲ, ಕಿಲೋಗೆ ಎಷ್ಟು ವಾಟ್ ಎಂಬುದರಿಂದ. ಆಗ ರೇಸಿನ ಗುಂಪುಗಳನ್ನು ವಿಂಗಡಿಸುತ್ತಿದ್ದದ್ದೂ ಅದೇ ಅಂಕಿಯ ಮೇಲೆ. ನಾಲ್ಕು ದಾಟಿದವರು ಎ, 3.2 ದಾಟಿದರೆ ಬಿ, 2.5 ದಾಟಿದರೆ ಸಿ, ಉಳಿದವರು ಡಿ.

ನಾನು 2020ರ ಜೂನಿನಲ್ಲಿ 71 ಎಂದು ಹೊಡೆದೆ. ಅವತ್ತು ನನ್ನ ತೂಕ 71 ಕಿಲೋನೇ ಇತ್ತು. ನಾನು ಸುಳ್ಳು ಹೇಳಲಿಲ್ಲ, ಹೇಳಿದ ನಿಜ ನಿಧಾನಕ್ಕೆ ಹಳತಾಯಿತು. ಲಾಕ್‌ಡೌನಿನಲ್ಲಿ ಮನೆಯಲ್ಲೇ ಮಾಡಿದ ಹೋಳಿಗೆ, ಕರದಂಟು, ಸಂಜೆಯ ಮಿರ್ಚಿ ಭಜಿ ಒಂದೊಂದೇ ಗ್ರಾಮು ಸೇರಿಸುತ್ತಾ ಹೋದವು. 185ನ್ನು 71ರಿಂದ ಭಾಗಿಸಿದರೆ 2.6. ನಾನು ಸಿ ಗುಂಪಿನವ. 75ರಿಂದ ಭಾಗಿಸಿದರೆ 2.47, ಡಿ. ಅಂದರೆ ನಿಜ ಹೇಳಿದ್ದರೆ ನನಗೆ ಲಾಭವೇ ಆಗುತ್ತಿತ್ತು. ಡಿ ಗುಂಪಿನಲ್ಲಿ ಮುಂದಿನ ಸಾಲಿನಲ್ಲಿ ಓಡುತ್ತಿದ್ದೆ. ಅದನ್ನು ಬಿಟ್ಟು ಸಿ ಗುಂಪಿನ ಬಾಲದಲ್ಲಿ ನೇತಾಡುವುದನ್ನೇ ಆರಿಸಿಕೊಂಡೆ. ಗೆಲ್ಲಲು ಮೋಸ ಮಾಡುವವರು ಸಾಕಷ್ಟಿದ್ದಾರೆ. ಮರ್ಯಾದೆಯಾಗಿ ಸೋಲುವುದಕ್ಕೆ ಮೋಸ ಮಾಡಿದವನು ನಾನೊಬ್ಬನೇ ಇರಬೇಕು.

ತೂಕದ ಮಷೀನಿಗೂ ಒಂದು ನೆಪ ಇತ್ತು. ಅದರ ಬ್ಯಾಟರಿ ಮುಗಿದು ಎಂಟು ತಿಂಗಳಾಗಿತ್ತು. ಹತ್ತಿ ನಿಂತರೆ ಪರದೆಯಲ್ಲಿ 'ಲೋ' ಎಂದು ತೋರಿಸಿ ಆರಿಹೋಗುತ್ತಿತ್ತು. ಅದಕ್ಕೆ ಬೇಕಾದದ್ದು ಒಂದು ರೂಪಾಯಿ ನಾಣ್ಯದಂಥ ದುಂಡನೆಯ ಸೆಲ್, 2032. ಎದೆಬಡಿತದ ಪಟ್ಟಿಗೂ ಅದೇ ಸೆಲ್. ಪಟ್ಟಿಯ ಸೆಲ್ ಮುಗಿದ ದಿನವೇ ಮಳೆಯಲ್ಲಿ ನಡೆದುಹೋಗಿ ತಂದಿದ್ದೆ. ಒಂದೇ ಒಂದು ತಂದಿದ್ದೆ.

ನನಗೆ ಹನ್ನೊಂದನೇ ಸ್ಥಾನ ಸಿಕ್ಕ ರಾತ್ರಿ ಹೀಗಾಯಿತು. ವಟೋಪಿಯಾದ ಗುಡ್ಡದ ದಾರಿ, ಒಂಬತ್ತು ಕಿಲೋಮೀಟರಿನ ಸುತ್ತು, ಎರಡು ಸುತ್ತು. ಪ್ರತಿ ಸುತ್ತಿನಲ್ಲೂ ಒಂದು ಏರು, ಕಿಲೋಮೀಟರಿಗೂ ತುಸು ಕಡಿಮೆ. ಮೊದಲ ಏರಿನಲ್ಲಿ ಗುಂಪು ಹರಿಯಿತು. ನಾನು ಎರಡನೇ ತುಂಡಿನಲ್ಲಿ ಉಳಿದೆ, ಡೆನ್ಮಾರ್ಕಿನವನೊಬ್ಬ ಜೊತೆಗಿದ್ದ. ಸುಮಾರು ಹನ್ನೆರಡು ನಿಮಿಷ ನಾವಿಬ್ಬರೂ ಮಾತಿಲ್ಲದೆ ಸರದಿಯಲ್ಲಿ ಮುಂದೆ ಹೋಗುತ್ತಾ ಬಂದೆವು. ಮಾತು ಯಾಕೆ ಬೇಕು? ಅವನ ಅಂಕಿ 3.1ರಿಂದ 2.4ಕ್ಕೆ ಇಳಿದರೆ ನನಗೆ ಗೊತ್ತಾಗುತ್ತದೆ, ಉಸಿರು ತೆಗೆದುಕೊಳ್ಳುತ್ತಿದ್ದಾನೆ, ನಾನು ಮುಂದೆ ಹೋಗಬೇಕು. ಎರಡನೇ ಏರಿನ ಬುಡದಲ್ಲಿ ನನಗೆ ಗರಿ ಸಿಕ್ಕಿತು. ಈ ಆಟದಲ್ಲಿ ದಾರಿಯ ಕಮಾನುಗಳ ಕೆಳಗೆ ಹಾದಾಗ ಸಣ್ಣಪುಟ್ಟ ವರ ಸಿಗುತ್ತವೆ. ಹಕ್ಕಿಯ ಗರಿ ಸಿಕ್ಕರೆ ಹದಿನೈದು ಸೆಕೆಂಡು ನಿಮ್ಮ ತೂಕ ಹತ್ತು ಪರ್ಸೆಂಟಿನಷ್ಟು ಇಳಿಯುತ್ತದೆ. ಒತ್ತಿದೆ, ಎದ್ದು ನಿಂತು ತುಳಿದೆ. ಕಣ್ಣಿಗೆ ಬೆವರು ಇಳಿದು ಪರದೆ ಮಂಜಾಯಿತು. ಡ್ಯಾನಿಷ್ ಗೊಂಬೆ ಹಿಂದೆ ಸರಿಯಿತು. ತುದಿಯಲ್ಲಿ ಆರು ಸೆಕೆಂಡಿನ ಅಂತರ. ಇಳಿಜಾರಿನಲ್ಲಿ ಅವನು ಬಂಡೆಯ ಹಾಗೆ ಉರುಳಿಕೊಂಡು ಬಂದ. ಗೆರೆ ದಾಟಿದಾಗ ನನ್ನ ಮುಂಚಕ್ರ 0.4 ಸೆಕೆಂಡು ಮುಂದಿತ್ತು.

ಹನ್ನೊಂದನೆಯವನಿಗೆ ಬಹುಮಾನವಿಲ್ಲ, ಹನ್ನೆರಡನೆಯವನಿಗೂ ಇಲ್ಲ. ಆದರೂ ಅದು ನನ್ನ ಅತ್ಯುತ್ತಮ ಸ್ಥಾನ. ಮ್ಯಾಟಿನ ಮೇಲೆ ಕಾಲು ಚಾಚಿ ಕೂತು, ಮೊಸರನ್ನದ ಬಟ್ಟಲು ಹಿಡಿದು, ಫಲಿತಾಂಶಗಳ ಪುಟ ತೆರೆದೆ. ಆ ಪುಟದಲ್ಲಿ ಪ್ರತಿಯೊಬ್ಬರ ತೂಕವೂ ಇರುತ್ತಿತ್ತು. ಕುತೂಹಲಕ್ಕೆ ಡೆನ್ಮಾರ್ಕಿನವನ ಹಳೆಯ ರೇಸುಗಳನ್ನು ನೋಡಿದೆ. 84.6. ಹಿಂದಿನ ವಾರ 84.9. ಅದಕ್ಕೂ ಹಿಂದೆ 84.2. ಕ್ರಿಸ್ಮಸ್ಸಿನ ವಾರ 86.3, ಪಾಪ. ಪ್ರತಿ ರೇಸಿಗೂ ಮುಂಚೆ ಆ ಮನುಷ್ಯ ಎಲ್ಲೋ ಒಂದು ಚಳಿಯ ಬಾತ್‌ರೂಮಿನಲ್ಲಿ ಬರಿಗಾಲಲ್ಲಿ ಮಷೀನು ಹತ್ತಿ, ದಶಮಾಂಶದ ಸಮೇತ ಬರೆಯುತ್ತಿದ್ದ. ಆಮೇಲೆ ನನ್ನ ಹೆಸರು ಒತ್ತಿದೆ. 71.0. 71.0. 71.0. 71.0. ಒಂದೂವರೆ ವರ್ಷದ ಉದ್ದಕ್ಕೂ, ಯುಗಾದಿಗೂ ದೀಪಾವಳಿಗೂ ಒಂದೇ. ಸತ್ತವನ ತೂಕವೂ ಅಷ್ಟು ಸ್ಥಿರವಾಗಿರುವುದಿಲ್ಲ.

ಲೆಕ್ಕ ಹಾಕದೆ ಇರಲು ಆಗಲಿಲ್ಲ. ನಾಲ್ಕು ಕಿಲೋ ಎಂದರೆ ಸೈಕಲ್ಲೂ ಸೇರಿದ ಒಟ್ಟು ತೂಕದ ಐದು ಪರ್ಸೆಂಟು. ಆ ಏರಿಗೆ ಸುಮಾರು ಮೂರು ನಿಮಿಷ ಬೇಕು. ಐದು ಪರ್ಸೆಂಟಿನಂತೆ ಸುಮಾರು ಒಂಬತ್ತು ಸೆಕೆಂಡು. ನಾನು ಅವನಿಂದ ಕಿತ್ತುಕೊಂಡ ಅಂತರ ಆರು. ಹದಿನೈದು ಸೆಕೆಂಡಿಗೆ ಸಿಗುವ ಗರಿಯನ್ನು ನಾನು ಒಂದು ವರ್ಷದಿಂದ ತಲೆಗೆ ಸಿಕ್ಕಿಸಿಕೊಂಡೇ ಓಡುತ್ತಿದ್ದೆ.

ಈ ಆಟ ಶುರುವಾದಾಗಿನಿಂದಲೂ ಇರುವ ರೋಗ ಇದು, ತೂಕದ ಡೋಪಿಂಗ್ ಎಂದೇ ಹೆಸರಿದೆ. ದೊಡ್ಡವರ ರೇಸಿನಲ್ಲಿ ಕಾವಲು ಬಿಗಿ. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2020ರ ಡಿಸೆಂಬರ್ 9ರಂದು ಇದೇ ವಟೋಪಿಯಾದಲ್ಲಿ ಮೊದಲ ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಷಿಪ್ ನಡೆಸಿದಾಗ ಸ್ಪರ್ಧಿಗಳಿಗೆಲ್ಲ ಒಂದೇ ಮಾದರಿಯ ಟ್ರೈನರ್ ಕಳಿಸಿತ್ತು, ತೂಕವನ್ನು ಕ್ಯಾಮೆರಾ ಮುಂದೆ ನೋಡಿಸಬೇಕಿತ್ತು. ಗೆದ್ದವರು ದಕ್ಷಿಣ ಆಫ್ರಿಕಾದ ಆಶ್ಲಿ ಮೂಲ್ಮನ್ ಪಾಸಿಯೋ ಮತ್ತು ಜರ್ಮನಿಯ ಜೇಸನ್ ಆಸ್ಬಾರ್ನ್. ಆಸ್ಬಾರ್ನ್ ಮೂಲತಃ ದೋಣಿ ಹುಟ್ಟು ಹಾಕುವವನು, ಮರುವರ್ಷ ಟೋಕಿಯೋ ಒಲಿಂಪಿಕ್ಸಿನಲ್ಲಿ ಅದರಲ್ಲೇ ಬೆಳ್ಳಿ ಗೆದ್ದ. ಬೆನ್ನು ಮುಂದಾಗಿ ಸಾಗುವ ಆಟದಿಂದ ಜಾಗವೇ ಬಿಡದ ಆಟಕ್ಕೆ ಬಂದು ವಿಶ್ವ ಚಾಂಪಿಯನ್ ಆದವನ ಬಗ್ಗೆ ನನಗೆ ವಿಶೇಷ ಪ್ರೀತಿ.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಕ್ಯಾಮರೊನ್ ಜೆಫರ್ಸ್ ಪ್ರಕರಣ. 2019ರಲ್ಲಿ ಬ್ರಿಟನ್ನಿನ ಮೊದಲ ಇ-ರೇಸಿಂಗ್ ಪಟ್ಟ ಗೆದ್ದವನು. ರೇಸಿನ ದಿನ ಅವನು ತುಳಿದದ್ದು ತನ್ನ ಕಾಲಿನಿಂದಲೇ. ಆದರೆ ಅವನ ಗೊಂಬೆ ಕೂತಿದ್ದ ಹೊಳೆಯುವ ಸೈಕಲ್ಲು ಅಷ್ಟು ಸುಲಭಕ್ಕೆ ಸಿಗುವಂಥದ್ದಲ್ಲ. ಆಟದೊಳಗೆ ಒಟ್ಟು ಐವತ್ತು ಸಾವಿರ ಮೀಟರು ಹತ್ತಬೇಕು. ಆ ಹತ್ತುವ ಕೆಲಸವನ್ನು ಅವನ ಬದಲು ಒಂದು ಪ್ರೋಗ್ರಾಮು ಮಾಡಿತ್ತು. ಗೊತ್ತಾದ ಮೇಲೆ ಪಟ್ಟ ಹೋಯಿತು, 250 ಪೌಂಡು ದಂಡ, ಆರು ತಿಂಗಳು ನಿಷೇಧ. ಮೊದಲ ಸಲ ಓದಿದಾಗ ನಕ್ಕಿದ್ದೆ. ಇಲ್ಲದ ಸೈಕಲ್ಲಿಗೆ ಇರುವ ದುಡ್ಡಿನ ದಂಡವೇ? 71.0 ಸಾಲು ನೋಡಿದ ರಾತ್ರಿ ಮತ್ತೊಮ್ಮೆ ಹುಡುಕಿ ಓದಿದೆ. ಈ ಸಲ ನಗು ಬರಲಿಲ್ಲ.

ಇದೆಲ್ಲ ವಿಡಿಯೋ ಗೇಮು ತಾನೆ, ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತ ಆಫೀಸಿನ ಗೆಳೆಯ ಕೇಳಿದ. ನ್ಯಾಯವಾದ ಮಾತೇ. ಆದರೆ 2016ರಲ್ಲಿ ಮ್ಯಾಥ್ಯೂ ಹೇಮನ್ ಎಂಬ ಆಸ್ಟ್ರೇಲಿಯಾದವನು ಕೈ ಮುರಿದುಕೊಂಡು, ಮನೆಯ ಗ್ಯಾರೇಜಿನಲ್ಲಿ ವಾರಗಟ್ಟಲೆ ಹೀಗೇ ತುಳಿದು, ಆಮೇಲೆ ಪ್ಯಾರಿಸ್-ರೂಬೆ ಗೆದ್ದ. ಕಲ್ಲು ಹಾಸಿದ ರಸ್ತೆಗಳ ಆ ರೇಸು ಸೈಕಲ್ ಲೋಕದ ಅತಿ ಒರಟು ರೇಸುಗಳಲ್ಲೊಂದು. ಗ್ಯಾರೇಜಿನಲ್ಲಿ ತುಳಿದದ್ದು ಕಲ್ಲಿನ ಮೇಲೆ ಕೆಲಸಕ್ಕೆ ಬಂತು. ತೊಡೆ ಉರಿದದ್ದು, ಉಸಿರು ಸಿಕ್ಕದೆ ಫ್ಯಾನಿನ ಕಡೆ ಬಾಯಿ ತೆರೆದದ್ದು ನನ್ನದೂ ನಿಜವೇ. ಹಾಗಾಗಿಯೇ ಕಿರಿಕಿರಿ. ಪೂರಾ ಸುಳ್ಳಾಗಿದ್ದರೆ ಸುಮ್ಮನಿರಬಹುದಿತ್ತು.

ಆ ರಾತ್ರಿ ಹನ್ನೆರಡೂವರೆಯೋ ಒಂದೋ. ಎದೆಯ ಪಟ್ಟಿ ಬಿಚ್ಚಿದೆ, ಇನ್ನೂ ಒದ್ದೆಯಾಗಿತ್ತು. ಹಿಂದಿನ ಮುಚ್ಚಳವನ್ನು ನಾಣ್ಯದಿಂದ ತಿರುಗಿಸಿ ಸೆಲ್ ತೆಗೆದು, ಬನಿಯನ್ನಿಗೆ ಒರೆಸಿ, ಬಾತ್‌ರೂಮಿನ ತೂಕದ ಮಷೀನಿಗೆ ಹಾಕಿದೆ. ಹತ್ತಿದೆ. 75.4. ಇಳಿದು, ಮಷೀನನ್ನು ಸ್ವಲ್ಪ ಎಡಕ್ಕೆ ಸರಿಸಿ ಮತ್ತೆ ಹತ್ತಿದೆ. ನೆಲ ಓರೆ ಇರಬಹುದಲ್ಲ. 75.4. ರೇಸಿನಲ್ಲಿ ಒಂದು ಲೀಟರ್ ಬೆವರು ಹೋಗಿದೆ, ಮೊಸರನ್ನ ಒಳಗೆ ಬಂದಿದೆ, ಅದನ್ನೆಲ್ಲ ಕೂಡಿ ಕಳೆಯುವ ಗೋಜಿಗೆ ಹೋಗಲಿಲ್ಲ. ಫೋನು ತೆಗೆದು ಹಾಗೇ ಹೊಡೆದೆ.

ಎರಡು ದಿನ ಬಿಟ್ಟು ಡಿ ಗುಂಪಿನಲ್ಲಿ ಹೆಸರು ಕೊಟ್ಟೆ. ಅದೇ ಗುಡ್ಡ, ಅದೇ ಎರಡು ಸುತ್ತು. ಶುರುವಿನ ಸಿಡಿತ ಇಲ್ಲೂ ಇತ್ತು, ಆದರೆ ಈ ಸಲ ಬಾಲದಲ್ಲಿರಲಿಲ್ಲ ನಾನು. ಏರಿನಲ್ಲಿ ಗೊಂಬೆ ಎಂದಿಗಿಂತ ನಿಧಾನ, ಅದಕ್ಕೂ ಒಗ್ಗಿಕೊಂಡೆ. ಕೊನೆಯ ಮುನ್ನೂರು ಮೀಟರಿನಲ್ಲಿ ಜಪಾನಿನವನೊಬ್ಬ ಮತ್ತು ನಾನು, ಇಬ್ಬರೇ. ಅವನು ಒಂದು ಸೈಕಲ್ಲಿನಷ್ಟು ಮುಂದೆ ಹೋದ. ನಾನು ಎರಡನೆಯವನು! ಜಾತ್ರೆಯ ಶರ್ಯತ್ತಿನ ದಿನದಿಂದ ಲೆಕ್ಕ ಹಾಕಿದರೂ ಮೊದಲ ಸಲ. ಪಕ್ಕದ ಕೋಣೆಯಲ್ಲಿ ಮಗಳು ಮಗ್ಗುಲಾದ ಸದ್ದು ಕೇಳಿ ಬಾಯಿ ಮುಚ್ಚಿಕೊಂಡು ಕೂಗಿದೆ.

ಫಲಿತಾಂಶಗಳ ಪುಟ ತೆರೆದೆ. ಜಪಾನಿನವನು ಮೊದಲು. ಎರಡನೆಯ ಜಾಗದಲ್ಲಿ ಗೆರೆ ದಾಟುವಾಗ ನನ್ನಿಂದ ಎಂಟು ಸೆಕೆಂಡು ಹಿಂದಿದ್ದವನ ಹೆಸರು. ಮೇಲೆ ನೋಡಿದೆ, ಕೆಳಗೆ ನೋಡಿದೆ, ಎಲ್ಲಿಯೂ ನಾನಿಲ್ಲ. ರೇಸಿನ ನಿಯಮ ಹುಡುಕಿ ಓದಿದೆ. ಎದೆಬಡಿತದ ದಾಖಲೆ ಇಲ್ಲದವರನ್ನು ಸ್ಥಾನಕ್ಕೆ ಪರಿಗಣಿಸುವುದಿಲ್ಲ.

ಸೆಲ್ಲು ಇನ್ನೂ ತೂಕದ ಮಷೀನಿನಲ್ಲೇ ಇತ್ತು.